ಆಟಕ್ಕೆ ಜನ ತಾವಾಗೇ ಬರುತ್ತಿದ್ದರಾ?

ಹೋದ ಬೇಸಿಗೆಯಲ್ಲಿ ನಮ್ಮ ಪಕ್ಕದೂರಿನ ಹೈಸ್ಕೂಲು ಬಯಲಲ್ಲಿ ಒಂದು ನಾಟಕ ಆಯಿತು. ಆಡಿದವರು ನಮ್ಮ ತಾಲ್ಲೂಕಿನ ಹುಡುಗರೇ. ಎರಡು ತಿಂಗಳು ರಿಹರ್ಸಲ್ ಮಾಡಿದ್ದರು. ಶಾಮಿಯಾನದವರಿಂದ 300 ಕುರ್ಚಿ ತರಿಸಿದ್ದರು. ಪೋಸ್ಟರು ಎಲ್ಲರ ವಾಟ್ಸಾಪ್ ಸ್ಟೇಟಸ್‌ನಲ್ಲೂ ಓಡಾಡಿತ್ತು. ಏಳು ಗಂಟೆಗೆ ಶುರು ಅಂದಿದ್ದು ಎಂಟಾದರೂ ಪರದೆ ಏಳಲಿಲ್ಲ, ಜನ ಬರಲಿ ಅಂತ ಕಾಯುತ್ತಿದ್ದರು. ಕೊನೆಗೆ ನಾನು ಎಣಿಸಿದೆ. 41 ಜನ. ಅದರಲ್ಲಿ ಒಂಬತ್ತು ಮಂದಿ ಆಡುವವರ ಮನೆಯವರು, ಇಬ್ಬರು ಶಾಮಿಯಾನ ಬಿಚ್ಚಿಕೊಂಡು ಹೋಗಲು ಬಂದವರು.

ಆಟ ಮುಗಿದ ಮೇಲೆ ಹಾರ್ಮೋನಿಯಂ ಮೇಷ್ಟ್ರು ಪೆಟ್ಟಿಗೆ ಮುಚ್ಚುತ್ತಾ ಹೇಳಿದರು, "ನಮ್ ಕಾಲ್ದಲ್ಲಿ ಜನ ತಾವಾಗೇ ಬರೋರು ಕಣಪ್ಪ. ಗಾಡಿ ಕಟ್ಕೊಂಡ್ ಬರೋರು. ಈಗ ಎಲ್ರಿಗೂ ಮೊಬೈಲ್ ಬಂತು, ಮುಗೀತು."

ಈ ಮಾತನ್ನು ನೀವೂ ಕೇಳಿರುತ್ತೀರಿ. ನಾನೂ ಚಿಕ್ಕಂದಿನಿಂದ ಕೇಳಿದ್ದೇನೆ, ಆಗೆಲ್ಲ ಮೊಬೈಲ್ ಜಾಗದಲ್ಲಿ ಟೀವಿ ಇತ್ತು. ಅಪ್ಪನ ಕಾಲದಲ್ಲಿ ಟೀವಿ ಜಾಗದಲ್ಲಿ ಟೂರಿಂಗ್ ಟಾಕೀಸು ಇತ್ತಂತೆ. ಅಂದರೆ ಜನ ಬರುತ್ತಿಲ್ಲ ಅನ್ನುವ ದೂರಿಗೆ ನೂರು ವರ್ಷದ ಹತ್ತಿರ ಆಗಿದೆ. ಹಾಗಿದ್ದರೆ ಜನ ತಾವಾಗೇ ಬರುತ್ತಿದ್ದ ಆ ಕಾಲ ಯಾವುದು? ಹುಡುಕುತ್ತಾ ಹೋದೆ. ಸಿಕ್ಕಿದ್ದು ಬೇರೆಯೇ ಕಥೆ. ಜನರನ್ನು ಯಾರೋ ಒಬ್ಬರು ಪ್ರತಿಸಲವೂ ಕರೆತಂದಿದ್ದಾರೆ. ಹೇಗೆ ಕರೆತಂದರು ಅನ್ನುವುದು ಮಾತ್ರ ಬದಲಾಗುತ್ತಾ ಬಂದಿದೆ.

ಟಿಕೆಟ್ ಇಲ್ಲದ ಕಾಲ

ಬಯಲಾಟಕ್ಕೆ ಟಿಕೆಟ್ ಇರಲಿಲ್ಲ, ಇದು ಎಲ್ಲರಿಗೂ ಗೊತ್ತು. ಖರ್ಚು ಮಾತ್ರ ಇದ್ದೇ ಇತ್ತು. ಕರಾವಳಿಯಲ್ಲಿ ಹರಕೆ ಹೊತ್ತ ಮನೆಯವರು ಮೇಳವನ್ನು ಕರೆಸುತ್ತಿದ್ದರು. ದೀಪಾವಳಿ ಕಳೆದು ಗದ್ದೆ ಕೊಯ್ಲು ಮುಗಿದ ಮೇಲೆ ಮೇಳದ ತಿರುಗಾಟ ಶುರು, ಮೇ ತಿಂಗಳ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚುವುದು. ಮಳೆ ಇಲ್ಲದ, ಕೆಲಸ ಕಡಿಮೆ ಇರುವ ತಿಂಗಳು ನೋಡಿ ಇಟ್ಟ ಕ್ಯಾಲೆಂಡರು ಅದು. ಆಟ ಮಾಡಿಸುವ ಮನೆಯವರು ನೆಂಟರಿಷ್ಟರಿಗೆ ಹೇಳಿಕಳಿಸುತ್ತಿದ್ದರು. ಕರೆಯ ಮೇಲೆ ಬಂದವರು ಊಟ ಮಾಡಿ, ಚಾಪೆ ಹಾಸಿ ಬೆಳಗಿನವರೆಗೆ ಕೂರುತ್ತಿದ್ದರು. ಕರೆಯದಿದ್ದರೆ ಬೇಜಾರು ಮಾಡಿಕೊಳ್ಳುತ್ತಿದ್ದರು. ತಾವಾಗೇ ಬಂದರು ಅಂತ ನಮಗೆ ಈಗ ಕಾಣುವುದರ ಹಿಂದೆ ಇಂಥ ಎಷ್ಟೋ ಕರೆಗಳಿದ್ದವು.

ನಮ್ಮ ಬಯಲುಸೀಮೆಯಲ್ಲಿ ಇನ್ನೊಂದು ರೀತಿ. ಇದು ಇವತ್ತಿಗೂ ಜೀವಂತ ಇದೆ. ತುಮಕೂರು, ಹಾಸನ, ಮಂಡ್ಯ ಕಡೆಯ ಹಳ್ಳಿಗಳಲ್ಲಿ ಊರವರೇ ಸೇರಿ ಕುರುಕ್ಷೇತ್ರ ಕಲಿಯುತ್ತಾರೆ. ಮೇಷ್ಟ್ರು ಬಂದು ಹಾರ್ಮೋನಿಯಂ ಹಿಡಿದು ತಿಂಗಳುಗಟ್ಟಲೆ ಕಂದ, ವೃತ್ತ ಹೇಳಿಕೊಡುತ್ತಾರೆ. ಪಾತ್ರ ಬೇಕಾದವರು ದುಡ್ಡು ಕಟ್ಟಬೇಕು. ದುರ್ಯೋಧನನಿಗೆ ಜಾಸ್ತಿ, ಚಿಕ್ಕ ಪಾತ್ರಕ್ಕೆ ಕಡಿಮೆ. ಸೀನರಿ, ಡ್ರೆಸ್ಸು, ಲೈಟು ಎಲ್ಲ ಬಾಡಿಗೆಗೆ ಬರುತ್ತದೆ. ಭೀಮನ ಪಾರ್ಟು ಮಾಡಿದವನು ಬೆಳಿಗ್ಗೆ ಟ್ರ್ಯಾಕ್ಟರ್ ಓಡಿಸುವವನು ಅಂತ ಕೂತವರಿಗೆಲ್ಲ ಗೊತ್ತು. ಅವನ ಅತ್ತೆಮನೆಯವರು ಮಧ್ಯದಲ್ಲೇ ಸ್ಟೇಜ್ ಹತ್ತಿ ಹಾರ ಹಾಕುತ್ತಾರೆ. ನಾಟಕ ನಿಲ್ಲುತ್ತದೆ, ಫೋಟೊ ಆಗುತ್ತದೆ, ಮತ್ತೆ ಮುಂದುವರಿಯುತ್ತದೆ.

ಪಟ್ಟಣದ ನಾಟಕದವರು ಇದನ್ನು ಕಂಡು ನಗುತ್ತಾರೆ. ನಾನೂ ಕಾಲೇಜಿನಲ್ಲಿದ್ದಾಗ ನಕ್ಕಿದ್ದೇನೆ. ಆದರೆ ಲೆಕ್ಕ ಹಾಕಿ ನೋಡಿ. ಇಪ್ಪತ್ತು ಪಾತ್ರ, ಒಂದೊಂದು ಪಾತ್ರಕ್ಕೆ ಇಪ್ಪತ್ತು ನೆಂಟರು ಅಂದರೂ 400 ಜನ. ಮೈದಾನ ತುಂಬುವ ಕೆಲಸವನ್ನು ಪಾತ್ರ ಹಂಚಿದ ದಿನವೇ ಮಾಡಿ ಮುಗಿಸಿರುತ್ತಾರೆ.

ಹಾಗಂತ ಆ ಕಾಲವನ್ನು ಹೊಗಳಿ ಕೂರುವಂತಿಲ್ಲ. ಊರೆಲ್ಲ ಸೇರಿತ್ತು ಅನ್ನುತ್ತೇವೆ, ಯಾವ ಊರು? ಎಷ್ಟೋ ಕಡೆ ಕೇರಿಯವರು ದೂರದಲ್ಲಿ ನಿಂತು ನೋಡಬೇಕಿತ್ತು. ತಮಟೆ ಬಡಿದು ಆಟ ಸಾರಿದವರಿಗೇ ಮುಂದೆ ಚಾಪೆ ಹಾಸುವ ಹಕ್ಕಿರಲಿಲ್ಲ. ಹಳೇ ಪ್ರೇಕ್ಷಕರ ಕಥೆ ಹೇಳುವಾಗ ಈ ದೂರವನ್ನೂ ಎಣಿಸಬೇಕು.

ಸಾಂಗ್ಲಿಗೆ ಹೋದ ಆಟ, ವಾಪಸ್ ಬಂದ ನಾಟಕ

ಈಗ ಒಂದು ಸ್ವಾರಸ್ಯದ ಸಂಗತಿ. ಹೊನ್ನಾವರದ ಹತ್ತಿರ ಕರ್ಕಿ ಅಂತ ಊರಿದೆ. ಅಲ್ಲಿಯ ಯಕ್ಷಗಾನ ಮೇಳ 1840ರ ಆಸುಪಾಸಿನಲ್ಲಿ ಘಟ್ಟ ಹತ್ತಿ ಸಾಂಗ್ಲಿ ಸಂಸ್ಥಾನದವರೆಗೆ ಹೋಗಿ ಆಟ ಆಡಿತು. ಸಾಂಗ್ಲಿಯ ರಾಜ ಚಿಂತಾಮಣರಾವ್ ಪಟವರ್ಧನರಿಗೆ ಹಿಡಿಸಿತು. ನಮ್ಮ ಮರಾಠಿಯಲ್ಲೂ ಇಂಥದ್ದೊಂದು ಮಾಡು ಅಂತ ತನ್ನ ಬಳಿಯಿದ್ದ ವಿಷ್ಣುದಾಸ ಭಾವೆಗೆ ಹೇಳಿದ. 1843ರಲ್ಲಿ ಭಾವೆ 'ಸೀತಾ ಸ್ವಯಂವರ' ಆಡಿಸಿದರು. ಮರಾಠಿ ರಂಗಭೂಮಿಯ ಇತಿಹಾಸ ಶುರುವಾಗುವುದೇ ಅಲ್ಲಿಂದ.

ಮೂವತ್ತು ವರ್ಷ ಕಳೆಯುವುದರೊಳಗೆ ಮರಾಠಿ ಕಂಪನಿಗಳು ಬೆಳೆದು, ಪರದೆ, ಬಣ್ಣ, ಸಂಗೀತ ಎಲ್ಲ ಕಟ್ಟಿಕೊಂಡು ಧಾರವಾಡ, ಹುಬ್ಬಳ್ಳಿ, ಗದಗಿನ ಕಡೆಗೇ ಬಂದವು. ಕನ್ನಡದ ಜನ ಕಾಸು ಕೊಟ್ಟು ಮರಾಠಿ ನಾಟಕ ನೋಡತೊಡಗಿದರು. ಇದನ್ನು ನೋಡಿ ತಡೆಯಲಾರದವರು ಶಾಂತಕವಿಗಳು. ಅವರ ನಿಜವಾದ ಹೆಸರು ಸಕ್ಕರಿ ಬಾಳಾಚಾರ್ಯ, ಶಾಲಾ ಮಾಸ್ತರಿಕೆ ಮಾಡುತ್ತಿದ್ದವರು. 1870ರ ದಶಕದಲ್ಲಿ ಗದಗಿನಲ್ಲಿ ಕೃತಪುರ ನಾಟಕ ಮಂಡಳಿ ಕಟ್ಟಿ 'ಉಷಾಹರಣ'ದಂಥ ನಾಟಕ ಬರೆದು ಆಡಿಸಿದರು.

ಶಾಂತಕವಿಗಳು ಮರಾಠಿಯವರನ್ನು ಬೈದುಕೊಂಡು ಕೂರಲಿಲ್ಲ ಅನ್ನುವುದು ನನಗೆ ಮುಖ್ಯವಾಗಿ ಕಂಡಿತು. ಜನ ಅಲ್ಲಿಗೆ ಯಾಕೆ ಹೋದರು ಅಂತ ನೋಡಿದರು. ಅಲ್ಲಿದ್ದ ಪರದೆ, ಹಾಡು ಇಲ್ಲಿಗೂ ಬಂತು, ಭಾಷೆ ನಮ್ಮದಾಯಿತು. ಜನ ಕನ್ನಡಕ್ಕೆ ಬೆನ್ನು ತಿರುಗಿಸಿದ್ದಾರೆ ಅಂತ ಅಂದುಕೊಂಡಿದ್ದರೆ ಆ ಮಂಡಳಿಯೇ ಹುಟ್ಟುತ್ತಿರಲಿಲ್ಲ.

ಗುಬ್ಬಿಯಿಂದ ಆನೆಯವರೆಗೆ

ನಮ್ಮ ಜಿಲ್ಲೆಯವರಿಗೆ ಗುಬ್ಬಿ ಕಂಪನಿ ಅಂದರೆ ಮನೆಯ ವಿಷಯ. ತುಮಕೂರಿಗೆ ಹೋದಾಗ ಗುಬ್ಬಿ ವೀರಣ್ಣ ಕಲಾಕ್ಷೇತ್ರದ ಮುಂದೆ ಹಾದುಹೋಗಿರುತ್ತೀರಿ. ಕಂಪನಿ ಶುರುವಾದದ್ದು 1884ರಲ್ಲಿ, ಗುಬ್ಬಿ ಊರಿನಲ್ಲಿ. ಕಟ್ಟಿದವರಲ್ಲಿ ಚಂದಣ್ಣ ಮತ್ತು ಅಬ್ದುಲ್ ಅಜೀಜ್ ಸಾಹೇಬರ ಹೆಸರು ಸಿಗುತ್ತದೆ. ಹೆಸರು ಮಾತ್ರ ಊರದೇವರು ಚನ್ನಬಸವೇಶ್ವರನದು. ವೀರಣ್ಣ ಚಿಕ್ಕ ಹುಡುಗನಾಗಿ ಕಂಪನಿ ಸೇರಿದವರು, 1917ರಲ್ಲಿ ಯಜಮಾನರಾದರು.

ಕಂಪನಿ ನಾಟಕ ಬಂದಾಗ ಆದ ದೊಡ್ಡ ಬದಲಾವಣೆ ಟಿಕೆಟ್ಟು. ಕುರ್ಚಿಗೊಂದು ದರ, ಬೆಂಚಿಗೊಂದು, ನೆಲಕ್ಕೊಂದು. ಹೆಂಗಸರಿಗೆ ಬೇರೆ ಜಾಗ. ಇದರಿಂದ ಒಂದು ಒಳ್ಳೆಯದೂ ಆಯಿತು. ಊರೊಳಗೆ ಯಾರು ಎಲ್ಲಿ ಕೂರಬೇಕು ಅಂತ ಜಾತಿ ಹೇಳುತ್ತಿತ್ತು. ಟೆಂಟಿನೊಳಗೆ ಅದನ್ನು ಹೇಳಲು ಕಾಸು ಶುರುಮಾಡಿತು. ಕಾಸಿನ ಲೆಕ್ಕವೇನೂ ನ್ಯಾಯದ್ದಲ್ಲ, ಆದರೆ ನೆಲದ ಟಿಕೆಟ್ ಕೊಂಡವನು ಇನ್ನೊಬ್ಬ ನೆಲದ ಟಿಕೆಟಿನವನ ಪಕ್ಕ ಕೂರಬೇಕಾಯಿತು. ಆ ಹೊತ್ತಿಗೆ ಅದೂ ಸಣ್ಣ ಮಾತಲ್ಲ.

ಹರಕೆ ಆಟದಲ್ಲಿ ಮಾಡಿಸುವ ಮನೆಯವರು ಕರೆಯುತ್ತಿದ್ದರು. ಟಿಕೆಟಿನ ಆಟದಲ್ಲಿ ಕರೆಯುವವರು ಯಾರು? ಕಂಪನಿಯೇ ಕರೆಯಬೇಕು. ಹ್ಯಾಂಡ್‌ಬಿಲ್ಲು ಹುಟ್ಟಿದ್ದು ಹಾಗೆ. ಗಾಡಿಗೆ ಬೋರ್ಡು ಕಟ್ಟಿ, ವಾದ್ಯ ಬಾರಿಸುತ್ತಾ ಬೀದಿ ಸುತ್ತುವುದು ಹುಟ್ಟಿತು. "ಇಂದೇ ಕೊನೆಯ ಆಟ" ಅನ್ನುವ ಮಾತೂ ಹುಟ್ಟಿತು, ಆಮೇಲೆ ಜನರ ಒತ್ತಾಯದ ಮೇರೆಗೆ ಇನ್ನೂ ಎರಡು ದಿನ! ಒಂದೊಂದು ಊರಿನಲ್ಲಿ ಕಂಪನಿ ತಿಂಗಳುಗಟ್ಟಲೆ ಮೊಕ್ಕಾಂ ಹೂಡುತ್ತಿತ್ತು. ಅದೇ ಊರಿನ ಅದೇ ಜನರನ್ನು ಮತ್ತೆ ಮತ್ತೆ ಬರಿಸಬೇಕು. ಹಾಗಾಗಿ ದಿನಕ್ಕೊಂದು ನಾಟಕ ಬದಲಾಯಿಸಲು ಹತ್ತಾರು ನಾಟಕ ಕೈಯಲ್ಲಿರಬೇಕಿತ್ತು.

ವೀರಣ್ಣನವರ ಜಾಣತನ ಇದರಲ್ಲಿತ್ತು. 'ಸದಾರಮೆ'ಯಲ್ಲಿ ಅವರು ಮಾಡುತ್ತಿದ್ದ ಕಳ್ಳನ ಪಾರ್ಟು ನೋಡಲು ಜನ ಮತ್ತೆ ಮತ್ತೆ ಬರುತ್ತಿದ್ದರು. ಕಥೆ ಎಲ್ಲರಿಗೂ ಬಾಯಿಪಾಠ, ಆದರೆ ಇವತ್ತು ಕಳ್ಳ ಏನು ಹೇಳುತ್ತಾನೋ ಅನ್ನುವುದು ಗೊತ್ತಿಲ್ಲ. ತೆಲುಗು ಸೀಮೆಗೆ ಹೋದಾಗ ಕಂಪನಿ ತೆಲುಗಿನಲ್ಲೇ ನಾಟಕ ಆಡುತ್ತಿತ್ತು. ಮಕ್ಕಳಿಗೆ ಬೇರೆ ಶಾಖೆ ಇತ್ತು.

ಆಮೇಲೆ 1934 ಬಂತು. ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ' ತೆರೆಕಂಡದ್ದು ಆ ವರ್ಷ. ವೀರಣ್ಣನವರು 'ಕುರುಕ್ಷೇತ್ರ' ನಾಟಕದಲ್ಲಿ ನಿಜವಾದ ಆನೆ, ಕುದುರೆಗಳನ್ನು ರಂಗಕ್ಕೆ ತಂದದ್ದೂ ಅದೇ ವರ್ಷ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಅನ್ನಿಸಿದ್ದು ಇಷ್ಟು. ಪರದೆಯ ಮೇಲೆ ಎಂಥ ಅದ್ಭುತವನ್ನಾದರೂ ತೋರಿಸುವ ಯಂತ್ರ ಬಂದಿದೆ. ಅದರ ಜೊತೆ ಅದ್ಭುತದಲ್ಲೇ ಪೈಪೋಟಿಗಿಳಿದರೆ ಒಂದು ವರ್ಷ ಗೆಲ್ಲಬಹುದು, ಹತ್ತು ವರ್ಷ ಗೆಲ್ಲಲಾಗದು. ಆನೆಗೆ ದಿನಾ ಮೇವು ಹಾಕಬೇಕು. ರೀಲು ಡಬ್ಬಿಯಲ್ಲಿ ಸುಮ್ಮನೆ ಇರುತ್ತದೆ.

ವೀರಣ್ಣನವರಿಗೂ ಇದು ಹೊಳೆದಿರಬೇಕು. ಅವರೇ ಸಿನಿಮಾಕ್ಕೂ ಕೈಹಾಕಿದರು. 1954ರ 'ಬೇಡರ ಕಣ್ಣಪ್ಪ'ದ ಹಿಂದೆ ಇದ್ದದ್ದು ಗುಬ್ಬಿಯ ಹೆಸರೇ. ಆ ಚಿತ್ರದಿಂದ ರಾಜಕುಮಾರ್ ನಾಯಕನಾದರು. ರಾಜಕುಮಾರ್, ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಎಲ್ಲ ಗುಬ್ಬಿ ಕಂಪನಿಯ ಅನ್ನ ಉಂಡವರು. ನಟರು ಸಿನಿಮಾಕ್ಕೆ ಹೋದರು, ಅವರ ಹಿಂದೆ ಪ್ರೇಕ್ಷಕರೂ ಹೋದರು.

ಉತ್ತರ ಕರ್ನಾಟಕದಲ್ಲಿ ಕಂಪನಿಗಳು ಇನ್ನೂ ಬಹಳ ಕಾಲ ಗಟ್ಟಿಯಾಗಿ ನಿಂತವು. ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯ ಸಂಘದ 'ಜಗಜ್ಯೋತಿ ಬಸವೇಶ್ವರ' ದೊಡ್ಡ ಹೆಸರು ಮಾಡಿತು. ಅವರು 103 ವರ್ಷ ಬದುಕಿ 2017ರಲ್ಲಿ ತೀರಿಕೊಂಡರು. ಬಾದಾಮಿಯ ಬನಶಂಕರಿ ಜಾತ್ರೆಗೆ ಬನದ ಹುಣ್ಣಿಮೆ ಹೊತ್ತಿಗೆ ಹೋಗಿ ನೋಡಿ, ಇವತ್ತಿಗೂ ಸಾಲುಸಾಲು ನಾಟಕದ ಟೆಂಟುಗಳಿರುತ್ತವೆ. ಜಾತ್ರೆಗೆ ಜನ ಹೇಗೂ ಬಂದಿರುತ್ತಾರೆ, ಟೆಂಟಿಗೆ ತಿರುಗಿಸಿಕೊಂಡರೆ ಸಾಕು. ಆದರೆ ತಿರುಗಿಸಿಕೊಳ್ಳಲು ಕೆಲವರು ಡಬಲ್ ಮೀನಿಂಗ್ ಕಾಮಿಡಿ ಹಿಡಿದರು. ಟೆಂಟು ತುಂಬಿತು. ಆದರೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದವರು ಬರುವುದು ಬಿಟ್ಟರು ಅಂತ ಆ ಕಡೆಯ ಗೆಳೆಯರು ಹೇಳುತ್ತಾರೆ. ಜನರನ್ನು ಸೇರಿಸುವ ಉಪಾಯವೇ ಅರ್ಧ ಜನರನ್ನು ಹೊರಗೆ ಹಾಕಿತು.

ಕರಾವಳಿಯ ಯಕ್ಷಗಾನದಲ್ಲೂ ಇದರ ಇನ್ನೊಂದು ರೂಪ ನಡೆಯಿತು. 1950ರ ದಶಕದ ಹೊತ್ತಿಗೆ ಡೇರೆ ಮೇಳಗಳು ಬಂದವು. ಟಿಕೆಟ್ ಕೊಂಡವರಿಗೆ ವರ್ಷವರ್ಷ ಹೊಸ ಪ್ರಸಂಗ ಬೇಕು. ತುಳುವಿನಲ್ಲಿ ಕೋಟಿ ಚೆನ್ನಯರ ಕಥೆ ಆಟವಾಯಿತು, ಮನೆಮನೆಯ ಕಥೆಗಳೂ ಬಂದವು. ಕೆಲವು ದಶಕ ಚೆನ್ನಾಗಿ ನಡೆದು, ಒಂದೆರಡು ಮೇಳ ಬಿಟ್ಟರೆ ಉಳಿದವು ಡೇರೆ ಮಡಚಿದವು. ಟಿಕೆಟ್ ಇಲ್ಲದ ಕಟೀಲು ಮೇಳ ಮಾತ್ರ ಒಂದಿದ್ದದ್ದು ಐದಾರು ತಂಡವಾಗಿ ಬೆಳೆಯಿತು. ಅಲ್ಲಿ ಹರಕೆ ಆಟ ಬುಕ್ ಮಾಡಿದವರು ವರ್ಷಗಟ್ಟಲೆ ಕಾಯಬೇಕು. ಟೀವಿ, ಮೊಬೈಲ್ ಎಲ್ಲ ಕಟೀಲಿನ ಸುತ್ತಮುತ್ತಲೂ ಇದೆಯಲ್ಲ? ಮೇಷ್ಟ್ರ ಮಾತಿಗೆ ನನ್ನ ಮೊದಲ ತಕರಾರು ಇದು.

ಆದರೆ ಎಲ್ಲದಕ್ಕೂ ದೇವಿಯ ಹರಕೆ ಇರುವುದಿಲ್ಲ. ಹೊಸ ನಾಟಕ, ಯಾರೂ ಕೇಳದ ಕಥೆ, ಹೆಸರಿಲ್ಲದ ನಟರು. ಇವರಿಗೆ ಹಳ್ಳಿಯಲ್ಲಿ ಜನ ಸಿಗುತ್ತಾರಾ? ಇದಕ್ಕೆ ಉತ್ತರ ಹುಡುಕಲು ಸಾಗರದ ಕಡೆ ಹೋಗಬೇಕು.

ಹೆಗ್ಗೋಡು

ಹೆಗ್ಗೋಡು ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಳ್ಳಿ. ನಮ್ಮ ಬಯಲುಸೀಮೆಯ ಹಾಗೆ ಮನೆಗಳು ಒತ್ತೊತ್ತಾಗಿಲ್ಲ. ಅಡಿಕೆ ತೋಟದ ಮಧ್ಯೆ ಅಲ್ಲೊಂದು ಇಲ್ಲೊಂದು ಮನೆ. ಮಳೆಗಾಲದಲ್ಲಿ ಪಕ್ಕದ ಮನೆಗೆ ಹೋಗುವುದೂ ಕಷ್ಟ. ಜನ ಸೇರಿಸಲು ಇದಕ್ಕಿಂತ ಕಷ್ಟದ ಜಾಗ ಹುಡುಕಬೇಕಾದೀತು.

ಅಲ್ಲಿ 1949ರಲ್ಲಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಶುರುವಾಯಿತು. ಹೆಸರು ಉದ್ದವಾಯಿತು ಅಂತ ಜನ ನೀನಾಸಮ್ ಅಂದರು. ಆರಂಭದಲ್ಲಿ ಅದು ಸಾವಿರ ಹಳ್ಳಿಗಳಲ್ಲಿರುವಂಥದ್ದೇ ಒಂದು ಹವ್ಯಾಸಿ ತಂಡ. ವರ್ಷಕ್ಕೆ ಒಂದೆರಡು ನಾಟಕ, ಊರವರದೇ ಪಾತ್ರ. ಅದರ ಮುಂಚೂಣಿಯಲ್ಲಿದ್ದ ಕೆ.ವಿ. ಸುಬ್ಬಣ್ಣ ಹುಟ್ಟಿದ್ದು 1932ರಲ್ಲಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿದರು, ಕುವೆಂಪು ಅವರ ಮೇಷ್ಟ್ರು. ಓದು ಮುಗಿಸಿ ಊರಿಗೆ ಬಂದು ಅಡಿಕೆ ತೋಟ ನೋಡಿಕೊಂಡರು. 1957ರಲ್ಲಿ ಅಕ್ಷರ ಪ್ರಕಾಶನ ಶುರುಮಾಡಿದರು.

1972ರಲ್ಲಿ ಅಲ್ಲೊಂದು ರಂಗಮಂದಿರ ಎದ್ದಿತು, ಶಿವರಾಮ ಕಾರಂತರ ಹೆಸರಿನಲ್ಲಿ. ಹಳ್ಳಿಯಲ್ಲಿ ಇಂಥ ಕಟ್ಟಡ ಕಟ್ಟಿದವರಿಗೆ ಮುಂದಿನ ತೊಂದರೆ ಏನು ಅಂತ ಎಲ್ಲರಿಗೂ ಗೊತ್ತು. ನಮ್ಮ ಕಡೆ ಎಷ್ಟೋ ಸಮುದಾಯ ಭವನಗಳು ಮದುವೆ ಬಿಟ್ಟರೆ ಬೀಗ ತೆಗೆಯುವುದಿಲ್ಲ. ಹೆಗ್ಗೋಡಿನವರು ಮರುವರ್ಷವೇ, 1973ರಲ್ಲಿ, ಚಿತ್ರಸಮಾಜ ಅಂತ ಫಿಲ್ಮ್ ಸೊಸೈಟಿ ಕಟ್ಟಿದರು. ಆಗ ಫಿಲ್ಮ್ ಸೊಸೈಟಿ ಅಂದರೆ ಬೆಂಗಳೂರು, ಕಲ್ಕತ್ತದ ಓದಿದವರ ವಿಷಯ. ಹೆಗ್ಗೋಡಿನವರು ಆ ದಶಕದ ಕೊನೆಯಲ್ಲಿ ಹಳ್ಳಿಯಲ್ಲೇ ಚಿತ್ರೋತ್ಸವ ಮಾಡಿ ಸತ್ಯಜಿತ್ ರೇ, ಕುರೊಸಾವಾ, ಚಾಪ್ಲಿನ್ ಚಿತ್ರಗಳನ್ನು ತೋರಿಸಿದರು. ಬಂಗಾಳಿ, ಜಪಾನಿ ಬಾರದ, ಇಂಗ್ಲಿಷ್ ಸಬ್‌ಟೈಟಲ್ ಓದಲಾರದ ಜನಕ್ಕೆ.

ಜನ ಬಂದರು, ಗುಂಪುಗುಂಪಾಗಿ. ಈ ಕಥೆ ಹೇಳುವಾಗ ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನೋಡಿದಿರಾ, ಹಳ್ಳಿಯ ಜನಕ್ಕೂ ಕಲೆ ಅರ್ಥವಾಗುತ್ತದೆ ಅಂತ ಬೆನ್ನು ತಟ್ಟುತ್ತಾರೆ. ನನಗೆ ಈ ಬೆನ್ನು ತಟ್ಟುವಿಕೆ ಅಷ್ಟು ಇಷ್ಟವಿಲ್ಲ. 'ಹಳ್ಳಿಯವರಿಗೂ' ಅನ್ನುವ ಆ 'ಊ' ಚುಚ್ಚುತ್ತದೆ.

ಬಂದದ್ದಕ್ಕೆ ಕಾರಣಗಳಿದ್ದವು. ಒಂದು, ತಯಾರಿ. ತೋರಿಸುವ ಚಿತ್ರದ ಬಗ್ಗೆ ಕನ್ನಡದಲ್ಲಿ ಬರೆದರು, ಹೇಳಿದರು. ಸುಬ್ಬಣ್ಣ ಸಿನಿಮಾ ಕುರಿತು ಕನ್ನಡದಲ್ಲೇ ಪುಸ್ತಕ ತಂದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದ್ದೂರ್ ಬಂದು ರಸಗ್ರಹಣ ಶಿಬಿರ ನಡೆಸಿದರು. ಸಿನಿಮಾ ನೋಡಿ ಎದ್ದು ಹೋಗುವುದಲ್ಲ, ಕೂತು ಮಾತಾಡುವುದು. ಇನ್ನೊಂದು ಕಾರಣ ನನ್ನ ಊಹೆ, ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಆ ಸೀಮೆಯ ಜನ ತಾಳಮದ್ದಳೆ ಕೇಳಿ ಬೆಳೆದವರು. ವೇಷವಿಲ್ಲ, ಕುಣಿತವಿಲ್ಲ, ಇಬ್ಬರು ಎದುರುಬದುರು ಕೂತು ಕರ್ಣ ಸರಿಯೋ ಕೃಷ್ಣ ಸರಿಯೋ ಅಂತ ರಾತ್ರಿಯಿಡೀ ವಾದ ಮಾಡುವುದನ್ನು ಕೇಳಿದವರು. ಒಂದೇ ಕೊಲೆಯನ್ನು ನಾಲ್ಕು ಜನ ನಾಲ್ಕು ಥರ ಹೇಳುವ 'ರಾಶೋಮನ್' ಅಂಥ ಕಿವಿಗೆ ಅಪರಿಚಿತವಾಗಿರಲಾರದು. ಹೊಸದಕ್ಕೆ ಜನ ಬಂದದ್ದು ಹಳೆಯದು ಅವರನ್ನು ಅಷ್ಟು ಹದ ಮಾಡಿದ್ದರಿಂದ.

1980ರಲ್ಲಿ ನೀನಾಸಮ್ ರಂಗಶಿಕ್ಷಣ ಕೇಂದ್ರ ಶುರುವಾಯಿತು. ಅಲ್ಲಿ ಕಲಿತವರು ಊರೂರಿಗೆ ಹೋಗಿ ಅಲ್ಲಿಯವರಿಗೆ ಕಲಿಸತೊಡಗಿದರು. 80ರ ದಶಕದ ಮೊದಲರ್ಧದಲ್ಲಿ ಫೋರ್ಡ್ ಫೌಂಡೇಶನ್ನಿನ ನೆರವಿನಿಂದ ಜನಸ್ಪಂದನ ಅನ್ನುವ ಯೋಜನೆ ನಡೆಯಿತು. ಹಳ್ಳಿ, ಪಟ್ಟಣಗಳಲ್ಲಿ ನಾಟಕ ಮತ್ತು ಸಿನಿಮಾ ಶಿಬಿರಗಳು. ಉತ್ತರ ಕನ್ನಡದ ಸಿದ್ದಿ ಜನ ಚಿದಂಬರರಾವ್ ಜಂಬೆಯವರ ನಿರ್ದೇಶನದಲ್ಲಿ ಆಫ್ರಿಕದ ಲೇಖಕ ಚಿನುವಾ ಅಚಿಬೆಯ ಕಾದಂಬರಿ ಆಧರಿಸಿದ ನಾಟಕ ಆಡಿದ್ದು ಆ ದಶಕದಲ್ಲೇ. ನೂರಾರು ವರ್ಷಗಳ ಹಿಂದೆ ಆಫ್ರಿಕದಿಂದ ಬಂದವರ ಮೊಮ್ಮಕ್ಕಳು ಅವರು. ಊರ ಆಟದಲ್ಲಿ ಅಂಚಿನಲ್ಲಿ ನಿಂತಿದ್ದವರು ರಂಗದ ಮಧ್ಯಕ್ಕೆ ಬಂದರು. ಹಾಗೆ ಬಂದ ಮೇಲೆ ಎದುರು ಯಾರು ಕೂರುತ್ತಾರೆ ಅನ್ನುವುದೂ ಬದಲಾಗುತ್ತದೆ.

ತಿರುಗಾಟದ ಲೆಕ್ಕ

ನನಗೆ ಎಲ್ಲಕ್ಕಿಂತ ಉಪಯೋಗ ಅನ್ನಿಸಿದ್ದು 1985ರಲ್ಲಿ ಶುರುವಾದ ತಿರುಗಾಟ. ಹೆಸರೇ ಯಕ್ಷಗಾನ ಮೇಳದಿಂದ ಬಂದದ್ದು. ಕ್ರಮವೂ ಅದೇ. ಮಳೆಗಾಲದಲ್ಲಿ ನಾಟಕ ಕಲಿಯುವುದು, ದಸರಾ ಹೊತ್ತಿನ ಸಂಸ್ಕೃತಿ ಶಿಬಿರದಲ್ಲಿ ಮೊದಲ ಪ್ರದರ್ಶನ, ಆಮೇಲೆ ಬೇಸಿಗೆ ಹತ್ತಿರ ಬರುವವರೆಗೆ ಊರೂರು. ಷೇಕ್ಸ್‌ಪಿಯರ್ ಇರುತ್ತಾನೆ, ಕನ್ನಡದ ನಾಟಕ ಇರುತ್ತದೆ. ನಟರೇ ಸೆಟ್ ಕಟ್ಟುತ್ತಾರೆ, ಲೈಟ್ ಹಾಕುತ್ತಾರೆ, ಆಟ ಮುಗಿದ ಮೇಲೆ ಅವರೇ ಬಿಚ್ಚಿ ಗಾಡಿಗೆ ತುಂಬುತ್ತಾರೆ. ವರ್ಷಕ್ಕೆ ನೂರಕ್ಕೂ ಹೆಚ್ಚು ಪ್ರದರ್ಶನ.

ಈ ನೂರು ಊರಿನಲ್ಲಿ ಜನರನ್ನು ಸೇರಿಸಿದವರು ಯಾರು? ಹೆಗ್ಗೋಡಿನಲ್ಲಿ ಕೂತು ಕೊಪ್ಪಳದ ಪ್ರೇಕ್ಷಕರನ್ನು ಕರೆಯಲು ಆಗುವುದಿಲ್ಲ. ಒಂದೊಂದು ಊರಿನಲ್ಲೂ ಒಂದು ಸ್ಥಳೀಯ ಸಂಘಟನೆ ಇತ್ತು. ಕೆಲವು ಕಡೆ ಕಾಲೇಜು ಮೇಷ್ಟ್ರುಗಳು, ಕೆಲವು ಕಡೆ ಯುವಕ ಸಂಘ, ಬ್ಯಾಂಕು ನೌಕರರು. ತಂಡಕ್ಕೆ ಪ್ರದರ್ಶನಕ್ಕೆ ಇಷ್ಟು ಅಂತ ಅವರು ಕೊಡಬೇಕು. ಹಾಲ್ ಹಿಡಿಯುವುದು, ನಟರಿಗೆ ಊಟ, ಮಲಗಲು ಜಾಗ, ಟಿಕೆಟ್ ಮಾರುವುದು ಎಲ್ಲ ಅವರದು. ಹರಕೆ ಹೊತ್ತ ಮನೆಯವರು ಮಾಡುತ್ತಿದ್ದ ಕೆಲಸ ಇದೇ ಅಲ್ಲವೇ? ಇಲ್ಲಿ ದೇವರ ಭಯ ಇರಲಿಲ್ಲ, ಆದರೆ ಒಪ್ಪಿಕೊಂಡ ದುಡ್ಡಿನ ಭಯ ಇತ್ತು. ಆ ಮೇಷ್ಟ್ರು ಟಿಕೆಟ್ ಪುಸ್ತಕ ಹಿಡಿದು ಔಷಧಿ ಅಂಗಡಿಗೆ, ಬಟ್ಟೆ ಅಂಗಡಿಗೆ, ಹಳೇ ವಿದ್ಯಾರ್ಥಿಯ ಮನೆಗೆ ಹೋದರು. ಮುಖ ನೋಡಿ ಕೇಳಿದರೆ ಇಲ್ಲ ಅನ್ನುವುದು ಕಷ್ಟ. ಹಾಗೆ ಮುಖದ ದಾಕ್ಷಿಣ್ಯಕ್ಕೆ ಟಿಕೆಟ್ ಕೊಂಡವರಲ್ಲಿ ಕೆಲವರು ಮುಂದಿನ ವರ್ಷ "ಈ ಸಲ ಯಾವಾಗ ಬರ್ತಾರೆ?" ಅಂತ ತಾವೇ ಕೇಳಿದರು. ಕೆಲವರು ಅಂದೆ, ಎಲ್ಲರೂ ಅಲ್ಲ. ಪ್ರತಿವರ್ಷ ಇದೇ ಕೆಲಸ ಮೊದಲಿನಿಂದ ಮಾಡಬೇಕು.

ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ಇದೇ ದಾರಿಯಲ್ಲಿ ನಡೆಯಿತು. ಅಲ್ಲಿಯ ಪಂಡಿತಾರಾಧ್ಯ ಸ್ವಾಮಿಗಳು 1997ರಲ್ಲಿ ಶಿವಸಂಚಾರ ಶುರುಮಾಡಿ ಊರೂರಿಗೆ ನಾಟಕ ಕಳಿಸಿದರು. ಅಲ್ಲಿ ಕರೆಯುವ ಬಲ ಮಠದ್ದು.

ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು, 2005ರಲ್ಲಿ ತೀರಿಕೊಂಡರು. ಅವರ ಜೊತೆ ಒಡನಾಟವಿದ್ದ ಬಿ.ವಿ. ಕಾರಂತರ ಕಥೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬಂಟ್ವಾಳ ಕಡೆಯ ಹುಡುಗ ಮನೆ ಬಿಟ್ಟು ಓಡಿ ಬಂದು ಗುಬ್ಬಿ ಕಂಪನಿ ಸೇರಿದ್ದ. ಅವನನ್ನು ಮುಂದೆ ಓದಲು ಕಾಶಿಗೆ ಕಳಿಸಿದವರು ವೀರಣ್ಣ. ಆ ಹುಡುಗ ದೊಡ್ಡ ನಿರ್ದೇಶಕನಾಗಿ ಹೆಗ್ಗೋಡಿಗೂ ಬಂದು ನಾಟಕ ಮಾಡಿಸಿದರು, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ಕಂಪನಿ ನಾಟಕ ಬೇರೆ, ಹೊಸ ನಾಟಕ ಬೇರೆ ಅಂತ ಪುಸ್ತಕದಲ್ಲಿ ಗೆರೆ ಎಳೆಯುತ್ತೇವೆ. ಕಾರಂತರು ಆ ಗೆರೆಯ ಎರಡೂ ಕಡೆ ಇದ್ದವರು.

ಮತ್ತೆ ನಮ್ಮ ಹೈಸ್ಕೂಲು ಬಯಲು

ಇದನ್ನೆಲ್ಲ ಓದಿಕೊಂಡು ನಾನು ಆ ತಂಡದ ಹುಡುಗರ ಹತ್ತಿರ ಹೋದೆ. ಯಾರನ್ನು ಕರೆದಿರಿ ಅಂತ ಕೇಳಿದೆ. "ಎಲ್ರನ್ನೂ ಕರೆದ್ವಿ ಅಣ್ಣ, ಸ್ಟೇಟಸ್ ಹಾಕಿದ್ವಲ್ಲ" ಅಂದರು. ಯಾರ ಮನೆಗೆ ಹೋಗಿದ್ದಿರಿ? ಯಾರ ಮನೆಗೂ ಹೋಗಿರಲಿಲ್ಲ. ಅವತ್ತು ಯಾವ ದಿನ? ಸೋಮವಾರ. ಮಾರನೇ ದಿನ ಪಕ್ಕದ ಹೋಬಳಿಯಲ್ಲಿ ಸಂತೆ, ಅರ್ಧ ಊರು ರಾತ್ರಿಯೇ ಕಾಯಿ, ತರಕಾರಿ ಕಟ್ಟುತ್ತಿರುತ್ತದೆ. ಕೊನೇ ಬಸ್ಸು ಒಂಬತ್ತೂವರೆಗೆ. ನಾಟಕ ಎಂಟಕ್ಕೆ ಶುರುವಾದರೆ ಆಚೆ ಊರಿನವರು ಹೇಗೆ ಬರಬೇಕು?

ಆಶಾ ಕೆಲಸ ಮಾಡುವ ಅಕ್ಕ ಒಬ್ಬರು ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು. "ಹೆಂಗಸ್ರು ಬರ್ಬೇಕು ಅಂದ್ರೆ ಬಯಲಲ್ಲಿ ಲೈಟ್ ಹಾಕಿಸ್ರಪ್ಪ ಮೊದ್ಲು. ಸ್ಟೇಜ್ ಮೇಲೆ ಮಾತ್ರ ಲೈಟು, ಬರೋ ದಾರೀಲಿ ಕತ್ತಲೆ. ಶೌಚಾಲಯಕ್ಕೂ ಬೀಗ" ಅಂದರು. ಹುಡುಗರು ಮುಖ ಮುಖ ನೋಡಿಕೊಂಡರು. ನಾನು ಇಷ್ಟು ಇತಿಹಾಸ ಓದಿದರೂ ಆ ಬೀಗದ ವಿಷಯ ನನಗೂ ಹೊಳೆದಿರಲಿಲ್ಲ.

ಈ ಸಲ ನಾಟಕ ಕಾರ್ತಿಕ ಕಳೆದ ಮೇಲೆ, ಶನಿವಾರ, ಆರೂವರೆಗೆ ಸರಿಯಾಗಿ. ಕೇರಿಯ ಇಬ್ಬರು ಹುಡುಗರು ಮತ್ತು ಹೈಸ್ಕೂಲಿನ ನಾಲ್ಕು ಹುಡುಗಿಯರು ಪಾತ್ರ ಮಾಡುತ್ತಿದ್ದಾರೆ. ಹುಡುಗಿಯರ ಮನೆಯವರನ್ನು ಒಪ್ಪಿಸಲು ಮೇಷ್ಟ್ರೇ ಹೋಗಿದ್ದರು, ಮೂರು ಮನೆ ಒಪ್ಪಿದ್ದು ಮೊದಲ ದಿನ, ನಾಲ್ಕನೆಯದಕ್ಕೆ ಎರಡು ಸಲ ಹೋಗಬೇಕಾಯಿತು. ಶಾಮಿಯಾನದವರಿಗೆ 150 ಕುರ್ಚಿ ಸಾಕು ಅಂದಿದ್ದಾರೆ, ಉಳಿದದ್ದಕ್ಕೆ ಜಮಖಾನ. ಟಿಕೆಟ್ 20 ರೂಪಾಯಿ. ಹತ್ತು ಜನಕ್ಕೆ ಟಿಕೆಟ್ ಪುಸ್ತಕ ಹಂಚಿದ್ದಾರೆ, ನನ್ನ ಕೈಗೂ ಒಂದು ಬಂದಿದೆ. ಇಪ್ಪತ್ತೈದು ಟಿಕೆಟ್‌ನಲ್ಲಿ ಇವತ್ತಿನವರೆಗೆ ಏಳು ಹೋಗಿವೆ. ಅದರಲ್ಲಿ ಎರಡು ನಮ್ಮ ಮನೆಯವೇ.